ಬೋರ್ಡ್ ಮುಗಿಯೋ ತನಕ

ಫೆಬ್ರವರಿ ೯, ಭಾನುವಾರ

ಪ್ರೀತಿಯ ಗುಬ್ಬಿಗೆ,

ಅಪ್ಪನ ಆಶೀರ್ವಾದ. ನಾನು ಕ್ಷೇಮ. ಮೊಣಕಾಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ, ಥೇಟ್ ನಿನ್ನ ಹಾಗೆ. ಕಾಗದ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಗುರುವಾರವೇ ಬರೆದಿದ್ದೆ, ಓದಿ ನೋಡಿದರೆ ಬರೀ ಬೈಗುಳ. ಹರಿದು ಹಾಕಿದೆ. ಇದರಲ್ಲಿ ಸ್ವಲ್ಪ ಕಡಿಮೆ. ಫೋನಿನಲ್ಲಿ ಹೇಳೋಣವೆಂದರೆ "ಆಯ್ತಪ್ಪಾ, ಆಯ್ತು" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಪಕ್ಕದ ಮನೆಯ ಬಸ್ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಬುಧವಾರ ನೀನು ಹೇಳಿದ್ದೇನು? "ಸಿನಿಮಾ ಮಂದಿರದ ದೊಡ್ಡ ಬೋರ್ಡ್ ಬಂದಿದೆ ಅಪ್ಪಾ. ಮಾತ್ರೆ ತಗೊಂಡ್ರೆ ಕೈ ನಡುಗುತ್ತೆ, ಅಕ್ಷರದ ಬಾಲ ಸೊಟ್ಟಗಾಗುತ್ತೆ. ಬೋರ್ಡ್ ಮುಗಿಯೋ ತನಕ ಬಿಡ್ತೀನಿ, ಅಷ್ಟೇ."

ಹೋದ ವರ್ಷ ಬೇಕರಿಯ ಬೋರ್ಡಿಗೂ ಇದೇ ರಾಗ ಹಾಡಿದ್ದೆಯಲ್ಲ, ಮಹಾರಾಯ್ತಿ? ಬೋರ್ಡೇನೋ ಚೆನ್ನಾಗಿಯೇ ಬಂತು. ಅಲ್ಲಿಗೆ ನಿಂತೆಯಾ? ಊಟ ನಿದ್ದೆ ಬಿಟ್ಟು ಅಂಗಡಿಯ ಷಟರಿಗೆ, ಮೆಟ್ಟಿಲಿಗೆ, ಪಕ್ಕದ ಚಪ್ಪಲಿ ರಿಪೇರಿಯವನ ಪೆಟ್ಟಿಗೆಗೆ, ಯಾರೋ ನಿಲ್ಲಿಸಿಹೋದ ಸೈಕಲ್ಲಿಗೆ, ಎಲ್ಲಕ್ಕೂ ಹಳದಿ ಬಳಿದೆ. ಬೇಕರಿಯವನು ಫೋನ್ ಮಾಡಿ, "ಯಜಮಾನ್ರೇ, ನಿಮ್ಮ ಮಗಳು ನನ್ನ ತಕ್ಕಡಿಗೂ ಬಣ್ಣ ಹೊಡೆದಿದ್ದಾಳೆ. ಬೇಗ ಬನ್ನಿ, ಇನ್ನು ಉಳಿದಿರೋನು ನಾನೊಬ್ಬನೇ" ಎಂದ. ಆಮೇಲೆ ನಗುವಂಥದ್ದೇನೂ ಆಗಲಿಲ್ಲ. ಆಸ್ಪತ್ರೆಯಲ್ಲಿ ನೀನು ಗೋಡೆ ನೋಡುತ್ತ ಮಲಗಿದ್ದೆ. ಕುಂಚ ಕೈಗೆ ಕೊಟ್ಟರೆ, ಇದು ಯಾರದು ಎಂಬಂತೆ ನನ್ನ ಮುಖ ನೋಡಿದೆ.

ಶುಕ್ರವಾರ ನಾನೇ ಡಾಕ್ಟರಮ್ಮನ ಬಳಿ ಹೋಗಿದ್ದೆ. ಸಿಟ್ಟು ಮಾಡಿಕೊಂಡರೆ ಮಾಡಿಕೋ. ಅವರು ಪೆನ್ನು ಕೆಳಗಿಟ್ಟರು. "ಕೈ ನಡುಗೋದು ಮಾತ್ರೆಯಿಂದಲೇ ಇರಬಹುದು. ಅದನ್ನ ನನಗೆ ಹೇಳಬೇಕಲ್ವಾ? ರಕ್ತ ಪರೀಕ್ಷೆ ಮಾಡಿ ಪ್ರಮಾಣ ಬದಲಾಯಿಸ್ತೀನಿ, ಇಲ್ಲಾ ಬೇರೆ ಮಾತ್ರೆ ನೋಡ್ತೀನಿ. ತಾನೇ ನಿಲ್ಲಿಸಿದ್ರೆ ಹೇಗೆ? ಚೆನ್ನಾಗಿದ್ದೀನಲ್ಲ, ಇನ್ಯಾಕೆ ಅಂತಾಳೆ. ಚೆನ್ನಾಗಿರೋದೇ ಅದ್ರಿಂದ ಸ್ವಾಮೀ" ಎಂದರು. ನಾನೂ ಹಳೆಯ ಕಾಲೇಜು ಇಂಗ್ಲಿಷು ಬಿಟ್ಟೆ: "ಮೇಡಂ, ಷಿ ಈಸ್ ಎ ವೆರಿ ಆಬ್ಸ್ಟಕಲ್ ಗರ್ಲ್." ಮೊಂಡಿ ಎನ್ನಲು ಬೇರೆ ಯಾವುದೋ ಪದವಿತ್ತು, ಬಾಯಿಗೆ ಬರಲಿಲ್ಲ. ಅವರು ನಕ್ಕರು. ವಿಷಯವಂತೂ ಮುಟ್ಟಿತು.

ಮಂಗಳವಾರ ಬೆಳಿಗ್ಗೆ ನಿನ್ನನ್ನು ನೋಡುತ್ತಾರಂತೆ. ಹೋಗು. ಅಲ್ಲಿಯ ತನಕ ಮಾತ್ರೆ ತಪ್ಪಿಸಬೇಡ. ಆಗಲೇ ಬಿಟ್ಟಿದ್ದರೆ ಇವತ್ತೇ ಅವರಿಗೆ ಫೋನ್ ಮಾಡಿ ಕೇಳು. ಸಿನಿಮಾದವರು ಕಾಯುವುದಿಲ್ಲ ಎಂದರೆ ಬೇರೆ ಯಾರಾದರೂ ಬರೆದುಕೊಳ್ಳಲಿ. ಅಲ್ಲಿಗೆ ಬರುವ ಜನ ಸಿನಿಮಾ ನೋಡುತ್ತಾರೆ, ನಿನ್ನ ಅಕ್ಷರದ ಬಾಲವನ್ನಲ್ಲ.

ನೂರು ವರ್ಷ ಸುಖವಾಗಿ ಬಾಳು. ನಿನ್ನ ಮೊಂಡುತನಕ್ಕೆ ಮಾತ್ರ ಅಷ್ಟು ಆಯಸ್ಸು ಬೇಡ.

ಇತಿ,
ಹೇಳಿ ಹೇಳಿ ಸುಸ್ತಾದ ನಿನ್ನ ಅಪ್ಪ

ಹಾಂ, ಒಂದು ಮಾತು ಬಿಟ್ಟುಹೋಯಿತು. ಬೇಕರಿಯಿಂದ ನಿನ್ನನ್ನು ಇಲ್ಲಿಗೆ ಕರೆತಂದ ಸಂಜೆ ನಿನಗೆ ನೆನಪಿದೆಯೋ ಇಲ್ಲವೋ. ಅಡುಗೆಮನೆಯಿಂದ ನೀನು ಕೂಗಿದೆ: "ಅಪ್ಪಾ, ಅಮ್ಮ ಬಂದಿದ್ದಾಳೆ. ಆಗ್ಲಿಂದ ಹೊರಗೇ ನಿಂತಿದ್ದಾಳೆ, ಬಾಗಿಲು ತೆಗೀಬಾರ್ದಾ?" ಅವಳು ತೀರಿಹೋಗಿ ಎಷ್ಟು ವರ್ಷವಾಯಿತೆಂದು ನನಗೆ ಗೊತ್ತಿಲ್ಲವೇ? ಆದರೂ ಎದ್ದು ಹೋಗಿ ತೆಗೆದೆ, ಮಗಳೇ. ಮೆಟ್ಟಿಲಿಳಿದು ರಸ್ತೆಯ ತನಕ ನೋಡಿ ಬಂದೆ. ನೀನು ಮತ್ತೆ ಕೂಗಿದರೆ ನಾನು ಮತ್ತೆ ಹೋಗಿ ತೆಗೆಯುವವನೇ. ಅದಕ್ಕೇ ಇಷ್ಟು ಕಿರುಚಾಡುತ್ತಿರುವುದು.