ಅಕ್ಕನ ಸೈಕಲ್ಲು

ಮನೆ, ಮುಂದಿನ ಕೋಣೆ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟ ಹೇಗಿದೆ? ಮೊಮ್ಮಗ ನಿನಗೆ ಮಲಗಲು ಬಿಡುತ್ತಾನೋ, ಇಲ್ಲ ಅವರಮ್ಮನ ಹಾಗೆ ಮನೆಮಂದಿಯನ್ನೆಲ್ಲ ಎಬ್ಬಿಸಿ ತಾನು ಮಲಗುತ್ತಾನೋ? ಕೂಸನ್ನು ಬಗ್ಗಿ ಎತ್ತಬೇಡ, ಕೂತು ಎತ್ತು. ನಾನು ಚೆನ್ನಾಗಿದ್ದೇನೆ. ಬಾಣಂತನಕ್ಕೆಂದು ಹೋದ ನಿನಗೆ ಮಗಳು ಇನ್ನು ಅಲ್ಲೇ ಇದ್ದುಬಿಡು ಎನ್ನುತ್ತಿದ್ದಾಳೆ, "ನೀನೇನಂತೀಯೇ?" ಎಂದು ಕೇಳಿದ್ದೀಯ. ಅದು ದೊಡ್ಡ ವಿಷಯ. ಸಣ್ಣ ವಿಷಯಗಳನ್ನು ಮುಗಿಸದೆ ನಾನು ದೊಡ್ಡದಕ್ಕೆ ಕೈ ಹಾಕುವವಳಲ್ಲ ಎಂದು ನಿನಗೆ ಗೊತ್ತಲ್ಲ. ಆದ್ದರಿಂದ ಮೊದಲು ಸೈಕಲ್ಲಿನ ಸಮಾಚಾರ ಕೇಳು.

ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ಸ್ಟೂಲಿನ ಮೇಲೆ ಕೂತು ಊರವರ ಮೂಗಿಗೆ ಫ್ರೇಮು ಕೂರಿಸುವ ನನ್ನ ಮಂಡಿ, ಎದ್ದಾಗಲೆಲ್ಲ ಕಟಕಟ ಎನ್ನತೊಡಗಿದೆ. ಡಾಕ್ಟರು "ಸೈಕಲ್ ತುಳೀರಿ" ಅಂದರು. ನಾನು ರಸ್ತೆಯಲ್ಲಿ ತುಳಿದರೆ ಬೇರೆಯವರ ಮಂಡಿಗೂ ಅಪಾಯ. ಹಾಗಾಗಿ ನಿಂತಲ್ಲೇ ನಿಲ್ಲುವ ಸೈಕಲ್ಲಿನ ಕ್ಲಾಸು ಹುಡುಕಿ ಹೊರಟೆ. ನನಗೆ ಗಂಡು ಹುಡುಕುವಾಗಲೂ ಅಪ್ಪ ಇಷ್ಟು ಅಲೆದಿರಲಿಲ್ಲ. ಅಲೆದಿದ್ದರೆ ಇವತ್ತು ಈ ಮನೆಯಲ್ಲಿ ಜಗಳಕ್ಕಾದರೂ ಒಬ್ಬರು ಇರುತ್ತಿದ್ದರು.

ಮೊದಲನೆಯದು ಕತ್ತಲೆ ಕೋಣೆ. ಕೆಂಪು ನೀಲಿ ದೀಪ, ಎದೆಗೂಡು ಅದುರಿಸುವ ಸಂಗೀತ. ಮೈಕು ಕಟ್ಟಿಕೊಂಡ ಹುಡುಗಿ "ಬೆಟ್ಟ ಬಂತು, ಏಳಿ, ಏಳಿ!" ಎಂದು ಕೂಗಿದ್ದೇ ತಡ, ಎಲ್ಲರೂ ಪೆಡಲಿನ ಮೇಲೆ ಎದ್ದು ನಿಂತರು. ನಾನು ಬೆಟ್ಟ ಎಲ್ಲಿ ಎಂದು ನೋಡುವಷ್ಟರಲ್ಲಿ ಅವರು ಇಳಿಜಾರಿಗೂ ಬಂದಾಗಿತ್ತು. ಎರಡನೆಯ ಕ್ಲಾಸಿನಲ್ಲಿ ಎದುರಿಗೊಂದು ಪರದೆ. ಯಾರು ಎಷ್ಟು ತುಳಿದರೆಂದು ಎಲ್ಲರ ಮಾನ ಅದರ ಮೇಲೆ. ಒಬ್ಬರು ನಡುವೆ ಫೋನು ಬಂತೆಂದು ಇಳಿದು ಹೊರಗೆ ಹೋದರು. ಅಕ್ಕಾ, ಅವರು ಮಾತು ಮುಗಿಸಿ ಬರುವವರೆಗೂ ಅವರ ಖಾಲಿ ಸೈಕಲ್ಲು ನನಗಿಂತ ಮುಂದೇ ಇತ್ತು!

ಮೂರನೆಯದು ಲಾಂಡ್ರಿಯ ಮೇಲಿನ ಮಹಡಿಯಲ್ಲಿದೆ. ಕಲಿಸುವವರು ಹಿಂದೆ ಆಸ್ಪತ್ರೆಯಲ್ಲಿ ಕಾಲು ಮುರಿದವರನ್ನು ನಡೆಸುತ್ತಿದ್ದವರು. ಎಲ್ಲರ ಬಾಯಲ್ಲೂ ಮಂಡಿ ಮೇಡಂ. "ತುಳೀತಾ ಮಾತಾಡೋಕೆ ಆಗ್ಬೇಕು. ಮಾತು ನಿಂತ್ರೆ ಭಾರ ಜಾಸ್ತಿ ಆಯ್ತು ಅಂತ" ಎನ್ನುತ್ತಾರೆ. ಮಾತಾಡುವುದೇ ವ್ಯಾಯಾಮವಾದ ಮೇಲೆ ಇನ್ನೇನು ಬೇಕು, ಅಲ್ಲೇ ಸೇರಿಬಿಟ್ಟೆ. ಅಲ್ಲಿ ಇನ್ನೊಂದು ನಿಯಮ: ಪೆಡಲು ಕೆಳಗೆ ಹೋದಾಗ ಮಂಡಿ ಒಂಚೂರು ಬಾಗಿರಬೇಕು, ಅದು ತುಳಿಯುವವರಿಗೆ ಕಾಣದು, ಪಕ್ಕದವರೇ ನೋಡಿ ಹೇಳಬೇಕು. ಹಾಗಾಗಿ ಎಲ್ಲರೂ ಜೋಡಿ ಜೋಡಿ. "ನಿಮ್ ಜೊತೆ ಯಾರು?" ಎಂದರು ಮೇಡಂ. "ಅಕ್ಕ ಬರ್ತಾಳೆ" ಎಂದಿತು ನನ್ನ ಬಾಯಿ. ಎಷ್ಟೆತ್ತರ ಎಂದು ಕೇಳಿದರು. ನನ್ನ ಹುಬ್ಬಿನ ಹತ್ತಿರ ಕೈ ಹಿಡಿದು ತೋರಿಸಿದೆ. ಅಷ್ಟಕ್ಕೆ ನನ್ನ ಪಕ್ಕದ ಸೈಕಲ್ಲಿನ ಸೀಟು ಇಳಿಸಿ ತಿರುಪು ಬಿಗಿ ಮಾಡಿಯೇಬಿಟ್ಟರು.

ಅಂದಿನಿಂದ ಕಿಟಕಿ ಪಕ್ಕದ ಆ ಸೈಕಲ್ಲಿಗೆ ಯಾರೂ ಹತ್ತಿಲ್ಲ. ನನ್ನ ಮಂಡಿಯನ್ನು ಮೇಡಂ ಅವರೇ ಬಂದು ನೋಡುತ್ತಾರೆ. ಹಿಂದೆ ಕೂರುವ ಬ್ಯಾಂಕಿನ ಮಾವ ದಿನಾ "ಏನಮ್ಮಾ, ನಿಮ್ಮಕ್ಕ ನಡ್ಕೊಂಡ್ ಬರ್ತಿದ್ದಾರಾ?" ಎಂದು ಕಾಲೆಳೆಯುತ್ತಾರೆ. ನಾನೂ "ಹೂಂ, ದಾರೀಲಿದ್ದಾಳೆ" ಎನ್ನುತ್ತೇನೆ. ಮೊನ್ನೆ ಹೊಸಬರೊಬ್ಬರು ಅದನ್ನು ಹತ್ತಲು ಹೋದರು. ಎಲ್ಲರೂ ಒಟ್ಟಿಗೆ "ಅಯ್ಯೋ, ಅದು ಅಕ್ಕಂದು!" ಎಂದರು. ಅವರಲ್ಲಿ ಒಬ್ಬರೂ ನಿನ್ನ ಮುಖ ಕಂಡವರಲ್ಲ. ನಾನು ತಲೆ ತಗ್ಗಿಸಿ ತುಳಿದೆ. ಆಮೇಲೆ ನನ್ನಿಂದ ಒಂದು ಮಾತೂ ಹೊರಡಲಿಲ್ಲ. ಭಾರ ಜಾಸ್ತಿಯಾಯಿತೆಂದು ಮೇಡಂ ಓಡಿಬಂದು ಗುಂಡಿ ತಿರುಗಿಸಿ ಸಡಿಲ ಮಾಡಿದರು, ಪಾಪ.

ಮಗಳಿಗೂ ಅಳಿಯಂದಿರಿಗೂ ಕೇಳಿದೆನೆಂದು ಹೇಳು. ಕೂಸಿನ ಎರಡೂ ಕೆನ್ನೆಗೆ ನನ್ನ ಮುತ್ತು. ಮಾತ್ರೆ ತಪ್ಪಿಸಬೇಡ.

ನಿನ್ನ ಬಾಲದಂಥ
ತಂಗಿ

ಹಾಂ, ದೊಡ್ಡ ವಿಷಯ: "ಮಗುವಿಗೆ ಅಜ್ಜಿ ಬೇಕು, ನೀನು ಅಲ್ಲೇ ಇರು" ಎಂದು ಬರೆಯಲೆಂದೇ ಬೆಳಿಗ್ಗೆ ಕೂತೆ. ಎಷ್ಟೋ ಹಾಳೆ ಹರಿದೆ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ ಕಣೇ. ಬಾ. ಮಗಳು ಬೈದರೆ ನನ್ನನ್ನು ಬೈಯಲಿ. ಬೇಕಾದರೆ ಅವರನ್ನೆಲ್ಲ ಕರೆದುಕೊಂಡೇ ಬಾ. ಕೂಸಿಗೆ ಅಳಲು ಇಲ್ಲಿ ಇಡೀ ಮನೆ ಖಾಲಿಯಿದೆ.