ಚಿಮಣಿಗೆ ಬಳಿದ ಆಕಾಶ

ಮನೆಯಿಂದ,
ನವೆಂಬರ್ ೧೪, ಬುಧವಾರ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಭುಜದ ನೋವು ಕಡಿಮೆಯಾಯಿತೇ? ಎತ್ತರದ ಕೆಲಸ, ಸೊಂಟದ ಬೆಲ್ಟನ್ನು ನೀನೇ ಎಳೆದು ನೋಡು, ಇನ್ನೊಬ್ಬರ ಮಾತು ನಂಬಬೇಡ. ಬಣ್ಣ ಕಲಸಲು ಕುಳಿತರೆ ನಿನಗೆ ಹಸಿವು, ನಿದ್ದೆ ಎರಡೂ ಮರೆತುಹೋಗುತ್ತವೆ. ಆ ಗುಣ ನನ್ನಿಂದಲೇ ಬಂದದ್ದು, ಬೈಯುವ ಹಾಗಿಲ್ಲ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ಮಗಳು, ನಮ್ಮ ಮಾತಿನ ಪಟಾಕಿಯ ವಿಷಯ ಕೊನೆಗೆ ಬರೆಯುತ್ತೇನೆ.

ಮೊದಲು ಚಿಮಣಿಯ ಸುದ್ದಿ. ಕಲ್ಲಿದ್ದಲು ಸುಡುವ ಆ ಚಿಮಣಿ ಊರವರ ಕಣ್ಣಿಗೆ ಬೀಳದಂತೆ ಆಕಾಶದ ಬಣ್ಣ ಬಳಿಯಿರಿ ಎಂದು ಕರೆಂಟಿನ ಕಂಪನಿಯವರು ನಮ್ಮಿಬ್ಬರನ್ನು ಕರೆದಿದ್ದು ನೆನಪಿದೆಯಲ್ಲ. ರಟ್ಟಿನ ಚೂರಿಗೆ ಬಣ್ಣ ಹಚ್ಚಿ, ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ರಟ್ಟಿನ ಅಂಚು ಕಾಣದಂತಾಗುವವರೆಗೆ ನೀನು ನೀಲಿಗೆ ಬಿಳಿ ಬೆರೆಸುತ್ತಾ ಹೋದೆ. ಕೆಲಸ ಮುಗಿದ ದಿನ ಚಿಮಣಿ ಎಲ್ಲಿದೆ ಎಂದು ಹುಡುಕಬೇಕಾಯಿತು. ಹೊಗೆ ಮಾತ್ರ ಬರಿಗಾಳಿಯಿಂದ ಹೊರಟಂತೆ ಕಾಣುತ್ತಿತ್ತು. ಪತ್ರಿಕೆಯವರು ನಿನ್ನನ್ನು ದೊಡ್ಡ ಕಲಾವಿದೆ ಎಂದರು, ನನ್ನ ಎದೆ ಉಬ್ಬಿತು. ಅದೇ ಹೆಸರಿನ ಮೇಲೆ ಕಂಪನಿ ನಿನ್ನನ್ನು ಈಗ ನೀನಿರುವ ಆ ಊರಿಗೂ ಕಳಿಸಿತು, ಅಲ್ಲಿನ ಚಿಮಣಿ ಬಳಿಯಲು.

ಇಲ್ಲಿಯದರ ಬಣ್ಣ ಮಾಸಿ, ಮತ್ತೆ ಹಚ್ಚುವ ಕೆಲಸ ಈ ಸಲ ನನಗೆ ಬಂತು. ನಿನ್ನ ಹಳೆಯ ರಟ್ಟನ್ನೇ ತಾರಸಿಗೆ ಒಯ್ದು ಹಿಡಿದೆ. ಹೊಂದಲಿಲ್ಲ. ನನ್ನ ಕಣ್ಣಿಗೆ ವಯಸ್ಸಾಯಿತೇನೋ ಎಂದು ಕನ್ನಡಕ ಒರೆಸಿ ಮತ್ತೆ ನೋಡಿದೆ, ಬೇರೆ ಬೇರೆ ದಿನ ನೋಡಿದೆ. ರಟ್ಟಿನ ನೀಲಿ ಎದ್ದು ಕಾಣುತ್ತಿತ್ತು, ಆಕಾಶ ಒಲೆಯ ಬೂದಿಯ ಬಣ್ಣಕ್ಕಿತ್ತು. ಆಕಾಶಕ್ಕೆ ಹೊಂದಿಸು ಎಂದರೆ ಹೊಂದಿಸಬೇಕು, ನನಗೆ ಗೊತ್ತಿರುವ ಕಸುಬು ಅಷ್ಟೇ. ಕಂಡ ಬಣ್ಣವನ್ನೇ ಕಲಸಿ, ತುದಿಯಿಂದ ಬಳಿಯುತ್ತಾ ಇಳಿದೆ. ಕೆಳಗೆ ಮ್ಯಾನೇಜರ್ ಕಾದಿದ್ದ. "ಏನ್ ಯಜಮಾನ್ರೇ, ತಲೆ ಕೆಟ್ಟಿದ್ಯಾ? ಆಕಾಶ ಅಂದ್ರೆ ನೀಲಿ ಅಂತ ಚಿಕ್ಕ ಮಕ್ಕಳಿಗೂ ಗೊತ್ತು!" ಎಂದ. ರಟ್ಟನ್ನು ಅವನ ಕೈಗೆ ಕೊಟ್ಟು, ನೀವೇ ಒಮ್ಮೆ ಹಿಡಿದು ನೋಡಿ ಸ್ವಾಮಿ ಎಂದೆ. ಆಸಾಮಿ ತಲೆ ಎತ್ತಲಿಲ್ಲ. ಮರುದಿನವೇ ಬೇರೆಯವರನ್ನು ಕರೆಸಿ ನನ್ನ ಬೂದು ಬಣ್ಣದ ಮೇಲೆ ನೀಲಿ ಹೊಡೆಸಿದರು. ಈಗ ಊರಲ್ಲಿ ನೀಲಿಯಾಗಿರುವುದು ಚಿಮಣಿ ಒಂದೇ. ಕೆಲಸ ಹೋದದ್ದಕ್ಕೆ ನನಗೆ ಬೇಸರವಿಲ್ಲ, ನಿನ್ನ ಮೇಲೂ ಸಿಟ್ಟಿಲ್ಲ. ಆದರೆ ನಾವು ಅಷ್ಟು ಚೆನ್ನಾಗಿ ಬಳಿಯಬಾರದಿತ್ತು ಮಗಳೇ. ಅದು ಕಣ್ಣೆದುರಿಗೆ ಕಾಣುತ್ತಿದ್ದರೆ ಊರವರು ಬೈಯುತ್ತಲಾದರೂ ಇರುತ್ತಿದ್ದರು.

ಹತ್ತುವಾಗ ಕೆಳಗೆ ನೋಡಬೇಡ. ನಿನ್ನ ಕೈಗೆ, ಕಣ್ಣಿಗೆ ಒಳ್ಳೆಯದಾಗಲಿ ತಾಯಿ.

ನಿನ್ನ ಅಪ್ಪ

ತಾ.ಕ.: ಪಟಾಕಿಯ ವಿಷಯ ಬರೆಯಲು ಕೈಯೇ ಬರಲಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಬೇಕಾದ್ದನ್ನು ಬಿಟ್ಟು, ಊಟವಾಯಿತೇ ಎಂದು ಕೇಳಿ ಇಟ್ಟುಬಿಡುತ್ತೇನೆ. ಮಗು ಸೋಮವಾರದಿಂದ ಆಸ್ಪತ್ರೆಯಲ್ಲಿದೆ, ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿದ್ದಾರೆ. ಅಷ್ಟು ಪಟಪಟ ಮಾತಾಡುತ್ತಿದ್ದವಳು ಈಗ ಎರಡು ಮಾತಿಗೊಮ್ಮೆ ಉಸಿರಿಗೆ ಒದ್ದಾಡುತ್ತಾಳೆ. "ಈ ಗಾಳಿಯಿಂದ ಮೊದಲು ಬೇರೆ ಕಡೆ ಕರ್ಕೊಂಡು ಹೋಗಿ, ತಡ ಮಾಡ್ಬೇಡಿ" ಎಂದರು ಡಾಕ್ಟರು. ನಿನ್ನಲ್ಲಿಗಲ್ಲದೆ ಇನ್ನೆಲ್ಲಿಗೆ ಕರೆತರಲಿ? ನಿನ್ನ ಹಳೆಯ ರಟ್ಟನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಕೈ ಸೇರಿದ ಕೂಡಲೇ ಅಲ್ಲಿ ಹಿಡಿದು ನೋಡಿ, ಹೊಂದುತ್ತದೋ ಇಲ್ಲವೋ ತಿಳಿಸು. ಚಿಮಣಿಗಲ್ಲ, ಆಕಾಶಕ್ಕೆ ಹಿಡಿ.