ಫಕ್ಕೀರಪ್ಪಜ್ಜನ ಲೇಹ್ಯವೂ ರಕ್ತನಾಳವೂ

ಫೆಬ್ರುವರಿ 31, 2284
(ಪಾಪ, ಆ ತಿಂಗಳಿಗೆ ದಿನ ಕಡಿಮೆ ಬಿದ್ದಿದ್ದವು ಎಂದು ನಾವೇ ಸೇರಿಸಿದೆವು.)

ಪೂಜ್ಯ ಫಕ್ಕೀರಪ್ಪಜ್ಜನವರಿಗೆ, ನಿಮಗೆ ಇನ್ನು ಮುಂದೆ ಹುಟ್ಟಬೇಕಾದ ಕಿರಿಮಗಳ ವಂಶದ ಚಿನ್ಮಯಿಯ ನಮಸ್ಕಾರಗಳು. ಅಜ್ಜನ ಶಿಶ್ನದ ವಿಚಾರ ಮನೆಯ ಹೆಣ್ಣುಮಗಳು ಬರೆಯುವುದು ನಿಮ್ಮ ಕಾಲಕ್ಕೆ ಅಸಭ್ಯ. ಕ್ಷಮೆಯಿರಲಿ. ನಮ್ಮಲ್ಲಿ ಇದು ಪಡಸಾಲೆಯ ಮಾತು. ವರನನ್ನು ನೋಡಲು ಹೋದಾಗ ನಾವು ಜಾತಕ ಕೇಳುವುದಿಲ್ಲ, ‘ನಾಳಪಟ’ ಕೇಳುತ್ತೇವೆ. ಅಂದರೆ ಮೈಯೊಳಗಿನ ರಕ್ತನಾಳಗಳ ನಕ್ಷೆ. ಬೀಗರು ಉಪ್ಪಿಟ್ಟು ತಿನ್ನುತ್ತ ಅದನ್ನು ಗೋಡೆಯ ಮೇಲೆ ಮೂಡಿಸಿ, “ಹುಡುಗ ಕರಿದದ್ದು ಭಾಳ ತಿಂತಾನೇನ್ರಿ? ಇಲ್ಲಿ ಸಣ್ಣಗಾಗೈತಿ ನೋಡ್ರಿ” ಎಂದು ಬೆರಳಿಡುತ್ತಾರೆ. ಹುಡುಗ ನಾಚದೆ ಚಹಾ ತರುತ್ತಾನೆ.

ನೀವೋ, ರಾಣೆಬೆನ್ನೂರಿನ ಸುತ್ತಲಿನ ಪಂಪ್‌ಸೆಟ್ಟುಗಳನ್ನೆಲ್ಲ ರಿಪೇರಿ ಮಾಡುವವರು. ನಲವತ್ತರ ಆಸುಪಾಸಿನಲ್ಲೇ ನಿಮಿರುವುದು ನಿಂತಾಗ ದವಾಖಾನೆ ಬಿಟ್ಟು ಬಸ್‌ಸ್ಟ್ಯಾಂಡ್ ಪಕ್ಕದ ಡೇರೆಯಿಂದ ಲೇಹ್ಯ ತಂದಿರಿ. ಮನೆಯಲ್ಲಿ ಕೇಳಿದರೆ ಮೊಣಕಾಲು ನೋವಿಗೆ ಅಂದಿರಿ. ನಿಮ್ಮ ಹೆಂಡತಿ ಸುವರ್ಣಜ್ಜಿ, “ನನಗೂ ನೋಯ್ತಾವ್ರಿ, ಒಂದ್ ಚಮಚ ಹಾಕ್ರಿ” ಎಂದು ಅರ್ಧ ಡಬ್ಬಿ ಖಾಲಿ ಮಾಡಿದರು. ಇಬ್ಬರಿಗೂ ಗುಣವಾಗಲಿಲ್ಲ.

ಅಜ್ಜಾ, ಶಿಶ್ನದಲ್ಲಿ ಎಲುಬಿಲ್ಲ. ಸ್ಪಂಜಿನಂಥ ಎರಡು ಕೊಳವೆಗಳಿವೆ, ಅಷ್ಟೆ. ಆಸೆ ಮೂಡಿದಾಗ ಮಿದುಳು ನರಗಳ ಮೂಲಕ ಹೇಳಿ ಕಳಿಸುತ್ತದೆ; ನರದ ತುದಿಯಿಂದ ನೈಟ್ರಿಕ್ ಆಕ್ಸೈಡ್ ಹೊರಟು ರಕ್ತನಾಳದ ಬಿಗಿಯನ್ನು ಸಡಿಲಿಸುತ್ತದೆ. ರಕ್ತ ನುಗ್ಗುತ್ತದೆ, ಸ್ಪಂಜು ಉಬ್ಬುತ್ತದೆ, ಉಬ್ಬಿದ ಸ್ಪಂಜು ರಕ್ತ ಹೊರಗೆ ಹೋಗುವ ನಾಳಗಳನ್ನು ಒತ್ತಿ ಹಿಡಿಯುತ್ತದೆ. ಬಂದದ್ದು ನಿಲ್ಲುತ್ತದೆ. ಗಾಬರಿಯಾದರೆ ನಾಳ ಮತ್ತೆ ಬಿಗಿ. ಅದಕ್ಕೇ “ಇವತ್ತು ಆಗ್ಲೇಬೇಕು” ಎಂದು ಹಲ್ಲು ಕಚ್ಚಿದವನಿಗೆ ಆಗುವುದಿಲ್ಲ.

ನಿಮ್ಮದು ಬರೀ ಗಾಬರಿಯಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಬೆಳಗಿನ ಜಾವ ತಾನಾಗಿ ಆಗುತ್ತಿದ್ದದ್ದೂ ನಿಂತಿದೆ. ಆ ನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಬೀಡಿ, ಕೊಬ್ಬು, ಸಕ್ಕರೆ ಕಾಯಿಲೆಯ ಹಾವಳಿ ಎಷ್ಟೋ ಸಲ ಮೊದಲು ಕಾಣುವುದು ಅಲ್ಲಿ; ಎದೆಯ ಸರದಿ ಆಮೇಲೆ. ನಿಮ್ಮ ಎದೆಗೆ ಇನ್ನೂ ಸಮಯವಿದೆ, ಆದರೆ ಬಹಳ ಇಲ್ಲ.

ಸೋಮವಾರ ಅಂಗಡಿ ಮುಚ್ಚಿ ದವಾಖಾನೆಗೆ ಹೋಗಿ. “ಡಾಕ್ಟ್ರೇ, ನಿಮಿರ್ತಿಲ್ಲ” ಅನ್ನಿ. ಎರಡೇ ಮಾತು, ಛಾವಣಿ ಕಳಚಿ ಬೀಳುವುದಿಲ್ಲ. ಬಿಪಿ, ಸಕ್ಕರೆ, ಎದೆ ಎಲ್ಲ ನೋಡಲಿ. ಅದಕ್ಕೂ ಮೊದಲು ಸುವರ್ಣಜ್ಜಿಗೆ ನಿಜ ಹೇಳಿ. ನಿಮಗೆ ತಾನು ಬೇಡವಾದೆ ಎಂದುಕೊಂಡು ಅವರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಾರೆ.

ನಾನು ಹುಟ್ಟದಿದ್ದರೂ ಚಿಂತೆಯಿಲ್ಲ, ನೀವು ಉಳಿಯಿರಿ. ಹುಟ್ಟಿದರೆ, ಬೇಡ ಅನ್ನುವುದಿಲ್ಲ.